ನೀರಿನ ಧಾರೆಯಿಂದ ಓಡುವ ದೋಣಿ

ವಸಂತಪುರದ ನಿಮ್ಮ ಮನೆಯ ಕೈತೋಟಕ್ಕೆ ನೀರು ಹಾಯಿಸುವಾಗ ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದು ನೋಡಿ. ನೀರು ಮುಂದಕ್ಕೆ ಚಿಮ್ಮುತ್ತದೆ. ಕೊಳವೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಜೆಟ್ ದೋಣಿಯ ಗುಟ್ಟೂ ಇದೇ. ತಳದ ಕಿಂಡಿಯಿಂದ ಪಂಪು ನೀರನ್ನೆಳೆದು ಹಿಂಬದಿಗೆ ರಭಸವಾಗಿ ಚಿಮ್ಮಿಸುತ್ತದೆ, ದೋಣಿ ಮುಂದಕ್ಕೋಡುತ್ತದೆ.

ಹಂಪೆಯ ಬಳಿ ತುಂಗಭದ್ರೆಯ ಬಂಡೆಗಳ ನಡುವೆ ಹರಿಗೋಲು ಸಾಗುವುದು, ಅದರ ತಳದಲ್ಲಿ ತೊಡಕುವಂಥದು ಏನೂ ಇಲ್ಲದ್ದರಿಂದ. ಜೆಟ್ ದೋಣಿಗೂ ಕೆಳಗೆ ಚಾಚಿದ ಪಂಖವಿಲ್ಲ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1954ರಲ್ಲಿ ಇದನ್ನು ಓಡಿಸಿದ್ದು ಆಳವಿಲ್ಲದ ಹೊಳೆಗಳಿಗಾಗಿಯೇ. 1977ರಲ್ಲಿ ಎಡ್ಮಂಡ್ ಹಿಲರಿ ಸಮುದ್ರದಿಂದ ಹಿಮಾಲಯದತ್ತ ಗಂಗೆಯನ್ನೇರಿದ್ದೂ ಇಂಥ ದೋಣಿಗಳಲ್ಲಿ.

ಹಳೆಯ ನೀರಸ್ಕೂಟರಿನ ಎಂಜಿನ್ನು, ಪಂಪುಗಳನ್ನು ಚಿಕ್ಕ ಅಲ್ಯುಮಿನಿಯಂ ದೋಣಿಗೆ ಮನೆಯಲ್ಲೇ ಜೋಡಿಸುವವರುಂಟು. ತಳ ಕೊರೆದಲ್ಲಿ ಬೆಸುಗೆ ಸೋರಬಾರದು. ಕಲ್ಲು, ಜೊಂಡು ಒಳನುಗ್ಗದಂತೆ ಕಿಂಡಿಗೆ ಸರಳುಗಳಿರಬೇಕು. ನೀರಿನೊಡನೆ ಗಾಳಿ ಸೇರಿದರೆ ಪಂಪಿನ ಬಲ ಕುಗ್ಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಇಲ್ಲಿ ಚಿಮ್ಮುವ ಧಾರೆಯೇ ಚುಕ್ಕಾಣಿ. ಬಂಡೆ ಎದುರಾಯಿತೆಂದು ಹೆದರಿ ಎಂಜಿನ್ನಿನ ವೇಗ ತಗ್ಗಿಸಿದಿರೋ, ದೋಣಿ ತಿರುಗದೆ ನೇರವಾಗಿ ಬಂಡೆಯತ್ತಲೇ ಸಾಗುತ್ತದೆ. ಆದುದರಿಂದ ಹೊಳೆಗಿಳಿಯುವ ಮುನ್ನ, ಅನುಮತಿಯುಳ್ಳ ವಿಶಾಲವಾದ ನಿಂತ ನೀರಿನಲ್ಲಿ, ತೇಲುವ ಅಂಗಿ ತೊಟ್ಟು, ವೇಗ ತಗ್ಗಿಸದೆ ತಿರುಗುವುದನ್ನು ಕೈಗೆ ಕಲಿಸಿ.