ಹತ್ತಿರದಿಂದ ಕಂಡ ಗಲ್ಲು

ಪ್ರಶ್ನೆ: ಮರಣದಂಡನೆಯನ್ನು ಹತ್ತಿರದಿಂದ ಬಲ್ಲವರ ನಿಲುವು ಬದಲಾಗುತ್ತದೆಯೇ?
– ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಹಲವರದು ಬದಲಾಗಿದೆ. ದೂರದಿಂದ ನೋಡುವವರಿಗೆ ಅಪರಾಧವಷ್ಟೇ ಕಾಣುತ್ತದೆ. ಹತ್ತಿರ ಹೋದವರಿಗೆ ಶಿಕ್ಷೆಯ ಒಳರೂಪವೂ ಕಾಣುತ್ತದೆ. ಬ್ರಿಟನ್ನಿನಲ್ಲಿ ನೂರಾರು ಜನರನ್ನು ಗಲ್ಲಿಗೇರಿಸಿದ ಆಲ್ಬರ್ಟ್ ಪಿಯರ್‌ಪಾಯಿಂಟ್, ಅದರಿಂದ ಸೇಡು ತೀರಿತೇ ಹೊರತು ಬೇರೇನೂ ಸಾಧಿಸಲಿಲ್ಲವೆಂದು 1974ರ ಆತ್ಮಕಥೆಯಲ್ಲಿ ಬರೆದರು. ರಾಷ್ಟ್ರಪತಿಯಾಗಿ ಕ್ಷಮಾದಾನದ ಅರ್ಜಿಗಳನ್ನು ಪರಿಶೀಲಿಸಿದ ಅಬ್ದುಲ್ ಕಲಾಂ, ಅವುಗಳಲ್ಲಿ ಸಾಮಾಜಿಕ, ಆರ್ಥಿಕ ತಾರತಮ್ಯ ಕಂಡು, 2015ರಲ್ಲಿ ಕಾನೂನು ಆಯೋಗದ ಮುಂದೆ ಈ ಶಿಕ್ಷೆಯ ರದ್ದತಿಯನ್ನು ಬೆಂಬಲಿಸಿದರು.

ಆದರೆ ಕೊಲೆಯಾದವರ ಮನೆಯವರ ಅನುಭವಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೂ ಅಂಥ ನೋವಿನ ಪ್ರಕರಣದಲ್ಲೂ ಗಲ್ಲು ತಪ್ಪಿದ್ದುಂಟು. 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. ಆ ಪ್ರಕರಣದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾಗಿ ನಿಮ್ಮ ಹಿಂಡಲಗಾ ಜೈಲಿನಲ್ಲಿದ್ದ ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರ ಶಿಕ್ಷೆಯನ್ನು 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು. ಅಪರಾಧ ಚಿಕ್ಕದೆಂದಲ್ಲ, ಕ್ಷಮಾದಾನದ ತೀರ್ಮಾನಕ್ಕಾಗಿ ಒಂಬತ್ತು ವರ್ಷ ಕಾಯಿಸಿದ್ದೇ ಅಮಾನವೀಯವೆಂದು. ನೊಂದವರಿಗೆ ಶೀಘ್ರ ನ್ಯಾಯ, ಆಸರೆ ಸಲ್ಲಲೇಬೇಕು. ಆದರೆ ಅವರ ನೋವು ತಪ್ಪು ತೀರ್ಪಿನ ಸಾಧ್ಯತೆಯನ್ನು ಅಳಿಸದು. ಜೀವಾವಧಿಯನ್ನು ತಿದ್ದಬಹುದು, ಗಲ್ಲನ್ನು ತಿದ್ದಲಾಗದು. ಆದ್ದರಿಂದ ಹತ್ತಿರದಿಂದ ಕಂಡವರ ಮಾತಿಗೆ ಕಾನೂನು ಕಿವಿಗೊಡಬೇಕು.