ಉದ್ದದ ಲಾರಿ ಬೇಕೆ? ಮೊದಲು ತಿರುವು ನೋಡಿ

ತಾಳವಾಡಿಯವರಿಗೆ ದಿಂಬಂ ಘಟ್ಟ ಗೊತ್ತು. ಅಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಒಂದು ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಸಾಕು. ಹಿಂದೆ ಬರುವ ಬಸ್ಸು, ಆಂಬುಲೆನ್ಸ್ ಎಲ್ಲವೂ ನಿಲ್ಲಬೇಕು.

ನಮ್ಮ ರಾತ್ರಿ ತರಗತಿಗೆ ಬರುವ ಡ್ರೈವರಣ್ಣ ಒಬ್ಬರು ಕೇಳಿದರು: "ಹಳೇ ಲಾರಿ ತಗೋಬೇಕು ಅಂತಿದೀನಿ. ಚಾಸಿ ಕತ್ತರಿಸಿ ಒಂದು ಮೀಟರ್ ಸೇರಿಸಿದ್ರೆ ಜಾಸ್ತಿ ಕೋಸು ತುಂಬಬಹುದು. ಯಾವ ಲಾರಿ ಆಗುತ್ತೆ?"

ಬನ್ನಿ, ಲೆಕ್ಕ ಹಾಕೋಣ.

ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರಕ್ಕೆ ವೀಲ್‌ಬೇಸ್ ಅಂತಾರೆ. ಇದು ಹೆಚ್ಚಿದರೆ ತಿರುಗಲು ಬೇಕಾದ ಜಾಗವೂ ಹೆಚ್ಚುತ್ತದೆ. 4 ಮೀಟರ್ ವೀಲ್‌ಬೇಸ್ ಇರುವ ಲಾರಿ 14 ಮೀಟರ್ ಅಗಲದ ಸುತ್ತಿನಲ್ಲಿ ತಿರುಗುತ್ತದೆ ಅನ್ನಿ. ವೀಲ್‌ಬೇಸ್ 5 ಮೀಟರ್ ಮಾಡಿದರೆ ಅದಕ್ಕೆ ಸುಮಾರು 17.5 ಮೀಟರ್ ಬೇಕು. ಹಿಂದಿನ ಗಾಲಿಯೂ ತಿರುವಿನ ಒಳಗಡೆಗೆ ಇನ್ನಷ್ಟು ಎಳೆಯುತ್ತದೆ.

ಸ್ಟೇರಿಂಗ್ ಹಗುರ ಇದ್ದ ಮಾತ್ರಕ್ಕೆ ಲಾರಿ ಸಣ್ಣ ಜಾಗದಲ್ಲಿ ತಿರುಗೋದಿಲ್ಲ. ಮುಂದಿನ ಗಾಲಿ ಎಷ್ಟು ಓರೆಯಾಗುತ್ತದೆ ಅನ್ನೋದು ಮುಖ್ಯ.

ಲಾರಿ ಪರೀಕ್ಷೆ ಹೀಗೆ ಮಾಡಿ:

1. ಖಾಲಿ ಮೈದಾನಕ್ಕೆ ಲಾರಿ ತನ್ನಿ. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹೊಡೆಸಿ. ಹೊರಗಿನ ಮುಂದಿನ ಗಾಲಿಯ ಜಾಡಿಗೆ ಸುಣ್ಣದ ಪುಡಿ ಹಾಕಿ. ಸುತ್ತಿನ ಅಗಲವನ್ನು ಹಗ್ಗದಿಂದ ಅಳೆಯಿರಿ. ಎಡಕ್ಕೂ ಹೀಗೇ ಮಾಡಿ.

2. ಸ್ಟೇರಿಂಗನ್ನು ಮೆಲ್ಲಗೆ ಅಲ್ಲಾಡಿಸಿ. ಗಾಲಿ ಅಲುಗದೆ ಸ್ಟೇರಿಂಗ್ ಮಾತ್ರ ತಿರುಗಿದರೆ ಅದು ಸಡಿಲ. ನಿಯಮದಂತೆ ಈ ಸಡಿಲ 30 ಡಿಗ್ರಿ ಮೀರಬಾರದು. ಅಂದರೆ ಗಡಿಯಾರದಲ್ಲಿ 12ರಿಂದ 1ರವರೆಗಿನ ಅಂತರ.

3. ಚಾಸಿಯಲ್ಲಿ ಬಿರುಕು, ಹಳೇ ವೆಲ್ಡಿಂಗ್ ಇದೆಯಾ ನೋಡಿ.

ಇನ್ನು ಚಾಸಿ ಕತ್ತರಿಸುವ ಮಾತು. ಇದು ಬೇಡ. ವೆಲ್ಡಿಂಗ್ ಕಾವಿಗೆ ಉಕ್ಕಿನ ಬಲ ಕುಗ್ಗಬಹುದು. ಬ್ರೇಕಿನ ಪೈಪು, ಗಾಲಿ ತಿರುಗಿಸುವ ಉದ್ದ ಶಾಫ್ಟು ಎಲ್ಲವನ್ನೂ ಬದಲಿಸಬೇಕು. ಕಾನೂನೂ ಒಪ್ಪೋದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಅಳತೆಯನ್ನು ಮಾಲೀಕರು ತಮಗೆ ಬೇಕಾದಂತೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆ ಹಣಕ್ಕೂ ತೊಂದರೆ.

ಇನ್ನೊಂದು ಮಾತು. ಉದ್ದ ಹೆಚ್ಚಿದರೆ ಜಾಗ ಹೆಚ್ಚುತ್ತದೆ, ತೂಕದ ಮಿತಿ ಹೆಚ್ಚೋದಿಲ್ಲ.

ಹಾಗಾದರೆ ದಾರಿ ಏನು? ಕಂಪನಿಯವರೇ ಒಂದೇ ಜಾತಿಯ ಲಾರಿಯನ್ನು ಬೇರೆ ಬೇರೆ ವೀಲ್‌ಬೇಸ್‌ನಲ್ಲಿ ಮಾಡುತ್ತಾರೆ. ಉದ್ದದ್ದು ಬೇಕಾದರೆ ಅಂಥದ್ದನ್ನೇ ಕೊಳ್ಳಿ. ಅದನ್ನೂ ಸುಣ್ಣದ ಸುತ್ತು ಹಾಕಿಸಿಯೇ ಕೊಳ್ಳಿ.

ಆರ್.ಸಿ.ಯಲ್ಲಿ ವೀಲ್‌ಬೇಸ್ ಮಿಲಿಮೀಟರಿನಲ್ಲಿ ಇರುತ್ತದೆ. 4000 ಅಂದರೆ 4 ಮೀಟರ್. ಲಾರಿಯನ್ನು ಅಳೆದು ನೋಡಿ. ಎರಡೂ ಬೇರೆ ಇದ್ದರೆ ಯಾರೋ ಮೊದಲೇ ಕತ್ತರಿಸಿರಬಹುದು. ಮುಂಗಡ ಕೊಡಬೇಡಿ.

ಅಂಕಿ ಓದಲು ಈಗ ನಿಮಗೆ ಬರುತ್ತದೆ. ದಲ್ಲಾಳಿ ಓದಿ ಹೇಳಲಿ ಅಂತ ಕಾಯಬೇಡಿ. ಆರ್.ಸಿ. ನಿಮ್ಮ ಕೈಗೇ ತಗೊಳ್ಳಿ, ನೀವೇ ಓದಿ.