ತಂತಿರಹಿತ ಹೊರಾಂಗಣ ಭದ್ರತಾ ಕ್ಯಾಮೆರಾ

ಹೊರಾಂಗಣ ಭದ್ರತಾ ಕ್ಯಾಮೆರಾ ಎಂಬುದು ಮಳೆ, ಬಿಸಿಲು ಹಾಗೂ ಧೂಳನ್ನು ತಡೆದುಕೊಂಡು ಕಟ್ಟಡದ ಹೊರಗಿನ ಆವರಣವನ್ನು ಹಗಲಿರುಳು ಚಿತ್ರೀಕರಿಸುವ ಸಾಧನ. ತೋಟದ ಮನೆ, ಪಂಪ್‌ಹೌಸ್ ಮುಂತಾದ ದೂರದ ಸ್ಥಳಗಳಿಗೆ ಜಾಲದ ತಂತಿ ಎಳೆಯುವುದು ಕಷ್ಟ. ಆದ್ದರಿಂದ ಅಲ್ಲಿ ಕ್ಯಾಮೆರಾದ ಮಾದರಿಗಿಂತ ಮೊದಲು ಸಂಪರ್ಕ ಮತ್ತು ವಿದ್ಯುತ್ತಿನ ಮೂಲವನ್ನು ನಿರ್ಧರಿಸಬೇಕಾಗುತ್ತದೆ.

ಹಿನ್ನೆಲೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಬಾಣಾವರ ಹೋಬಳಿಯು ತೆಂಗು ಬೆಳೆಯುವ ಪ್ರದೇಶ. ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹಲವು ತಿಂಗಳು ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ಈ ಭಾಗದ ರೂಢಿ. ಹೀಗಾಗಿ ಕುಟುಂಬವೊಂದರ ವರ್ಷದ ಆದಾಯವು ದೀರ್ಘಕಾಲ ಅಟ್ಟದಲ್ಲಿಯೇ ಇರುತ್ತದೆ. ತೋಟದ ಮೋಟಾರು, ಸ್ಟಾರ್ಟರ್ ಮತ್ತು ತಾಮ್ರದ ಕೇಬಲ್ಲುಗಳಿಗೂ ರಾತ್ರಿ ಕಾವಲಿರುವುದಿಲ್ಲ.

ಸಂಪರ್ಕದ ವಿಧಾನಗಳು

ಸಾಮಾನ್ಯ ಈಥರ್ನೆಟ್ ಕೇಬಲ್ಲಿನ ಗರಿಷ್ಠ ಉದ್ದ 100 ಮೀಟರ್. ಹೂತ ಕೇಬಲ್ಲಿಗೆ ಉಳುಮೆ ಮತ್ತು ಹೆಗ್ಗಣಗಳಿಂದ ಹಾನಿಯಾಗಬಹುದು; ಸಿಡಿಲಿನ ಆಘಾತವೂ ತಾಮ್ರದ ತಂತಿಯ ಮೂಲಕ ಉಪಕರಣಗಳನ್ನು ತಲುಪಬಲ್ಲದು. ಗಾಜಿನ ಎಳೆಯ ಆಪ್ಟಿಕಲ್ ಫೈಬರ್ ಹಲವು ಕಿಲೋಮೀಟರ್ ಸಾಗುತ್ತದೆಯಾದರೂ ಅದಕ್ಕೂ ಕಾಲುವೆ ತೋಡಬೇಕು ಅಥವಾ ಕಂಬ ನೆಡಬೇಕು.

ಮನೆಯ ವೈಫೈ ಕೆಲವು ಹತ್ತು ಮೀಟರುಗಳವರೆಗೆ ಸಾಕಾಗುತ್ತದೆ. ಅದಕ್ಕಿಂತ ದೂರಕ್ಕೆ ಎರಡು ತುದಿಗಳಲ್ಲಿ ಪರಸ್ಪರ ಅಭಿಮುಖವಾದ ಆಂಟೆನಾಗಳನ್ನು ಅಳವಡಿಸುವ ವೈಫೈ ಸೇತುವೆ ಉಪಯುಕ್ತ. ಇದಕ್ಕೆ ನೇರ ದೃಷ್ಟಿರೇಖೆ ಅಗತ್ಯ. 5.8 ಗಿಗಾಹರ್ಟ್ಸ್‌ನಲ್ಲಿ 500 ಮೀಟರ್ ಸಂಪರ್ಕದ ನಡುಭಾಗದಲ್ಲಿ ರೇಖೆಯ ಸುತ್ತ ಸುಮಾರು 2.5 ಮೀಟರ್ ತೆರವಿರಬೇಕು. ತೆಂಗಿನ ಗರಿಗಳು, ವಿಶೇಷವಾಗಿ ಮಳೆಯಲ್ಲಿ ನೆನೆದಾಗ, ತರಂಗಗಳನ್ನು ಹೀರಿಕೊಳ್ಳುತ್ತವೆ.

ದೃಷ್ಟಿರೇಖೆ ಇಲ್ಲದೆಡೆ ಸಿಮ್ ಅಳವಡಿಸುವ 4ಜಿ ಕ್ಯಾಮೆರಾ ಬಳಕೆಯಲ್ಲಿದೆ. ಕ್ಯಾಮೆರಾ ನಿಲ್ಲಿಸುವ ಜಾಗದಲ್ಲಿಯೇ ಮೊಬೈಲ್ ಸಂಕೇತವನ್ನು ಪರೀಕ್ಷಿಸಿ ಸೇವಾ ಕಂಪನಿಯನ್ನು ಆರಿಸಬೇಕು. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ನಿರಂತರ ಪ್ರಸಾರಕ್ಕೆ ದಿನಕ್ಕೆ ಸುಮಾರು 21.6 ಜಿಬಿ ಡೇಟಾ ವ್ಯಯವಾಗುತ್ತದೆ. ಆದ್ದರಿಂದ ದೃಶ್ಯವನ್ನು ಮೆಮೊರಿ ಕಾರ್ಡಿನಲ್ಲಿ ಉಳಿಸಿ, ಚಲನೆ ಕಂಡಾಗ ಮಾತ್ರ ಎಚ್ಚರಿಕೆ ಕಳುಹಿಸುವ ವ್ಯವಸ್ಥೆ ಸೂಕ್ತ. ಕ್ಯಾಮೆರಾವನ್ನೇ ಕದ್ದೊಯ್ದರೆ ಕಾರ್ಡೂ ಹೋಗುವುದರಿಂದ, ಎಚ್ಚರಿಕೆಯ ಚಿತ್ರಗಳು ಬೇರೆಡೆ ಉಳಿಯುವಂತಿರಬೇಕು.

ವಿದ್ಯುತ್

ಪಂಪ್‌ಸೆಟ್ ಮಾರ್ಗಗಳಲ್ಲಿ ತ್ರೀ ಫೇಸ್ ವಿದ್ಯುತ್ ದಿನದ ಕೆಲವು ಗಂಟೆ ಮಾತ್ರ ಇರುವುದರಿಂದ ಬ್ಯಾಟರಿ ಅಥವಾ ಸೌರಫಲಕ ಅನಿವಾರ್ಯ. ಸರಾಸರಿ 5 ವ್ಯಾಟ್ ಬಳಸುವ ಕ್ಯಾಮೆರಾಕ್ಕೆ ದಿನಕ್ಕೆ 120 ವ್ಯಾಟ್-ಗಂಟೆ ಬೇಕು. ಬೇಸಿಗೆಯಲ್ಲಿ 40–50 ವ್ಯಾಟ್ ಫಲಕ ಇದನ್ನು ಪೂರೈಸಬಲ್ಲದು. ಮುಂಗಾರಿನ ಮೋಡಗಳಿಗಾಗಿ ಇನ್ನೂ ದೊಡ್ಡ ಫಲಕ ಹಾಗೂ ಎರಡು ದಿನ ಬಾಳುವ ಬ್ಯಾಟರಿ ಬೇಕಾಗುತ್ತದೆ. ಫಲಕದ ಮೇಲೆ ಗರಿಗಳ ನೆರಳು ಬೀಳಬಾರದು.

ದೃಶ್ಯದ ಗುಣಮಟ್ಟ

ಅಪರಿಚಿತನ ಮುಖವನ್ನು ಗುರುತಿಸಲು ದೃಶ್ಯದ ಅಗಲದ ಪ್ರತಿ ಮೀಟರಿಗೆ 250 ಪಿಕ್ಸೆಲ್ ಬೇಕೆಂಬುದು ಪ್ರಚಲಿತ ಮಾನದಂಡ. ಅದರಂತೆ 2560 ಪಿಕ್ಸೆಲ್ ಅಗಲದ ಕ್ಯಾಮೆರಾ ಸುಮಾರು 10 ಮೀಟರ್ ಅಗಲವನ್ನಷ್ಟೇ ಆ ಸ್ಪಷ್ಟತೆಯಲ್ಲಿ ತೋರಿಸುತ್ತದೆ. ಇಡೀ ತೋಟಕ್ಕಿಂತ ಗೇಟು, ಅಟ್ಟದ ಮೆಟ್ಟಿಲು ಮತ್ತು ಪಂಪ್‌ಹೌಸ್ ಬಾಗಿಲಿನತ್ತ ಅದನ್ನು ತಿರುಗಿಸುವುದು ಪ್ರಯೋಜನಕರ. ಮರಕ್ಕೆ ಕಟ್ಟಿದ ಕ್ಯಾಮೆರಾ ಗಾಳಿಗೆ ಅಲುಗಿ ಸುಳ್ಳು ಎಚ್ಚರಿಕೆ ನೀಡುವುದರಿಂದ ಕಬ್ಬಿಣದ ಕಂಬವೇ ಲೇಸು. ಧೂಳು ಮತ್ತು ನೀರಿನಿಂದ ರಕ್ಷಣೆಗೆ ಐಪಿ66 ಅಥವಾ ಐಪಿ67 ದರ್ಜೆ ಇರಬೇಕು.

ಕಾನೂನು

ಭಾರತದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಅಗತ್ಯ ಮಾನದಂಡಗಳು 2025ರ ಏಪ್ರಿಲ್‌ನಿಂದ ಕಡ್ಡಾಯವಾಗಿವೆ. ದೃಶ್ಯವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಕ್ಯಾಮೆರಾದ ದಿನಾಂಕ ಹಾಗೂ ಸಮಯ ಸರಿಯಾಗಿರುವುದು ಅವಶ್ಯಕ. ನೆರೆಯವರ ಅಂಗಳ, ಸ್ನಾನದ ಮನೆಗಳು ದೃಶ್ಯದಲ್ಲಿ ಬಾರದಂತೆ ಕ್ಯಾಮೆರಾದ ಕೋನವನ್ನು ಹೊಂದಿಸುವುದು ಅಳವಡಿಸುವವರ ಹೊಣೆ.